ಎಲೆ ಲೆಕ್ಕಕ್ಕೆ ಒಪ್ಪಿಕೊಂಡ ಕ್ಷಿಪಣಿ

ಮದುವೆ ಅಡುಗೆಗೆ ಭಟ್ಟರನ್ನು ಗೊತ್ತುಮಾಡುವುದರಲ್ಲಿ ಎರಡು ಪದ್ಧತಿ ಇದೆ. ಒಂದು, ‘ಸಾಮಾನು ನಿಮ್ಮದು, ಕೂಲಿ ನಮ್ಮದು’. ಭಟ್ಟರು ಪಟ್ಟಿ ಬರೆದುಕೊಡುತ್ತಾರೆ. ಅಕ್ಕಿ, ಬೇಳೆ, ತುಪ್ಪ, ಗೋಡಂಬಿ ನೀವು ತಂದುಹಾಕುತ್ತೀರಿ. ಅವರು ಬೇಯಿಸಿ, ಬಡಿಸಿ, ಕೂಲಿ ತೆಗೆದುಕೊಂಡು ಹೋಗುತ್ತಾರೆ. ಇನ್ನೊಂದು, ಎಲೆ ಲೆಕ್ಕ. ಒಂದು ಎಲೆಗೆ ಇಷ್ಟು ಅಂತ ತಿಂಗಳುಗಟ್ಟಲೆ ಮೊದಲೇ ಮಾತಾಗಿರುತ್ತದೆ. ಆಮೇಲೆ ತೆಂಗಿನಕಾಯಿ ಬೆಲೆ ಏರಿದರೂ ಸರಿ, ಹೋಳಿಗೆಯ ಹೂರಣ ಹಳಸಿ ಎರಡನೇ ಸಲ ರುಬ್ಬಬೇಕಾಗಿ ಬಂದರೂ ಸರಿ, ಆ ಖರ್ಚು ಭಟ್ಟರದೇ. ಮಾತು ಚೆನ್ನಾಗಿ ಕುದುರಿಸಿ, ಕೆಲಸ ಅಚ್ಚುಕಟ್ಟಾಗಿ ಮಾಡಿದರೆ ಕೂಲಿಗಿಂತ ಹೆಚ್ಚು ಉಳಿಯುತ್ತದೆ. ಅಂದಾಜು ತಪ್ಪಿದರೆ ಕೈಯಿಂದ ಹಾಕಿ ಊಟ ಬಡಿಸಬೇಕು.

ಯುದ್ಧವಿಮಾನ, ಕ್ಷಿಪಣಿಗಳ ವ್ಯಾಪಾರವೂ ಈ ಎರಡು ಪದ್ಧತಿಯ ನಡುವೆಯೇ ಓಡಾಡುತ್ತದೆ. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ 2024ರ ಲೆಕ್ಕ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಎಲೆ ಲೆಕ್ಕದ ಭಟ್ಟರೇ.

ಲಾಕ್‌ಹೀಡ್ ಮತ್ತು ಮಾರ್ಟಿನ್ ಮರಿಯೆಟ್ಟಾ ಎಂಬ ಎರಡು ಕಂಪನಿಗಳು 1995ರಲ್ಲಿ ಒಂದಾಗಿ ಹುಟ್ಟಿದ ಕಂಪನಿ ಇದು. ಕೇಂದ್ರ ಕಚೇರಿ ಇರುವುದು ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ. ಶಸ್ತ್ರಾಸ್ತ್ರ ವ್ಯಾಪಾರದ ಮೊತ್ತದಲ್ಲಿ ಜಗತ್ತಿಗೇ ದೊಡ್ಡದು. 2023ರಲ್ಲಿ 6,757 ಕೋಟಿ ಡಾಲರ್ ವ್ಯಾಪಾರ ಮಾಡಿತ್ತು, 2024ರಲ್ಲಿ 7,104 ಕೋಟಿ. ಅಂದರೆ ವ್ಯಾಪಾರ ಶೇ 5ರಷ್ಟು ಹೆಚ್ಚಿತು. ನಿವ್ವಳ ಲಾಭ ಮಾತ್ರ 692 ಕೋಟಿಯಿಂದ 534 ಕೋಟಿ ಡಾಲರಿಗೆ ಇಳಿಯಿತು. ಉಕ್ರೇನ್ ಯುದ್ಧ ನಡೆದಿತ್ತು, ಪಶ್ಚಿಮ ಏಷ್ಯಾ ಉರಿಯುತ್ತಿತ್ತು, ಕ್ಷಿಪಣಿಗೆ ಸರತಿ ನಿಂತಿದ್ದ ಕಾಲ. ಇಂಥ ಹೊತ್ತಿನಲ್ಲಿ ಗಿರಾಕಿ ಹೆಚ್ಚಿಯೂ ಗಲ್ಲಾಪೆಟ್ಟಿಗೆ ಹಗುರವಾದದ್ದು ಹೇಗೆ?

ಒಟ್ಟು ಮೊತ್ತವನ್ನು ಎಷ್ಟು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ವಿಭಾಗವಾರು ಲೆಕ್ಕದಲ್ಲಿ.

ವಿಭಾಗಗಳನ್ನು ಕಂಪನಿಗಳು ತಮಗೆ ತೋಚಿದ ಹಾಗೆ ಕತ್ತರಿಸಿ ತೋರಿಸುವಂತಿಲ್ಲ. ಮುಖ್ಯಸ್ಥರು ಹಣ ಹಂಚುವಾಗ, ಯಾರ ಕೆಲಸ ಹೇಗಿದೆ ಎಂದು ನೋಡುವಾಗ, ಸಂಸ್ಥೆಯನ್ನು ಯಾವ ತುಂಡುಗಳಾಗಿ ನೋಡುತ್ತಾರೋ ಅದೇ ತುಂಡುಗಳನ್ನು ಷೇರುದಾರರಿಗೂ ತೋರಿಸಬೇಕೆಂಬುದು ಲೆಕ್ಕಪತ್ರದ ನಿಯಮ. ಮಾಲೀಕ ಕೂತು ನೋಡುವ ಕಿಟಕಿಯಿಂದಲೇ ಹೊರಗಿನವರಿಗೂ ನೋಡಲು ಬಿಡಬೇಕು. ಒಳ್ಳೆಯ ನಿಯಮ.

ಲಾಕ್‌ಹೀಡ್ ಮನೆಯಲ್ಲಿ ನಾಲ್ಕು ಕೋಣೆಗಳಿವೆ. ಏರೋನಾಟಿಕ್ಸ್ ಎಂದರೆ ರೆಕ್ಕೆ ಇರುವ ವಿಮಾನಗಳು: ಎಫ್-35, ಎಫ್-16, ಸಾಗಣೆಯ ಸಿ-130ಜೆ. ಮಿಸೈಲ್ಸ್ ಅಂಡ್ ಫೈರ್ ಕಂಟ್ರೋಲ್ ಎಂದರೆ ವಾಯುರಕ್ಷಣೆಯ ಪೇಟ್ರಿಯಟ್ ವ್ಯವಸ್ಥೆ ಹಾರಿಸುವ ಪ್ಯಾಕ್-3 ಕ್ಷಿಪಣಿ, ಹೈಮಾರ್ಸ್ ರಾಕೆಟ್ ಲಾಂಚರ್, ಇನ್ನೊಂದು ಕಂಪನಿಯ ಜೊತೆ ಸೇರಿ ಮಾಡುವ ಟ್ಯಾಂಕ್ ನಾಶಕ ಜಾವೆಲಿನ್. ಮೂರನೆಯದರ ಹೆಸರು ರೋಟರಿ ಅಂಡ್ ಮಿಷನ್ ಸಿಸ್ಟಮ್ಸ್. ಇದು ನಮ್ಮ ಮನೆಗಳ ಅಟ್ಟದ ಹಾಗೆ, ಬೇರೆಲ್ಲೂ ಇಡಲಾಗದ್ದು ಇಲ್ಲಿರುತ್ತದೆ. 2015ರಲ್ಲಿ 900 ಕೋಟಿ ಡಾಲರಿಗೆ ಕೊಂಡ ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರುಗಳು, ಯುದ್ಧನೌಕೆಗಳ ಏಜಿಸ್ ರಕ್ಷಣಾ ವ್ಯವಸ್ಥೆ, ರಡಾರ್, ತರಬೇತಿ ಸಿಮ್ಯುಲೇಟರ್ ಎಲ್ಲ ಇದರ ಪಾಲು. ನಾಲ್ಕನೆಯದು ಸ್ಪೇಸ್. ಉಪಗ್ರಹ, ಚಂದ್ರಯಾನಿಗಳ ಒರಾಯನ್ ನೌಕೆ, ಜಲಾಂತರ್ಗಾಮಿಯಿಂದ ಹಾರುವ ಟ್ರೈಡೆಂಟ್ ಕ್ಷಿಪಣಿ ಇದರಲ್ಲಿ ಬರುತ್ತವೆ. ಟ್ರೈಡೆಂಟ್ ಕ್ಷಿಪಣಿಯಾಗಿದ್ದೂ ಕ್ಷಿಪಣಿ ವಿಭಾಗದಲ್ಲಿಲ್ಲ, ಗಮನಿಸಿ. ವಿಭಾಗದ ಹೆಸರು ಬಾಗಿಲಿನ ಮೇಲಿನ ಬೋರ್ಡು ಮಾತ್ರ. ಒಳಗೆ ಏನಿದೆ ಎಂದು ಇಣುಕಿಯೇ ನೋಡಬೇಕು. ನಮ್ಮ ನೌಕಾಪಡೆ ಕೊಂಡ 24 ಎಂಎಚ್-60ಆರ್ ಹೆಲಿಕಾಪ್ಟರುಗಳು ಮೂರನೇ ಕೋಣೆಯಿಂದ ಬಂದವು. ನಮ್ಮ ವಾಯುಪಡೆಯ ಸಿ-130ಜೆ ವಿಮಾನಗಳು ಮೊದಲನೆಯದರಿಂದ.

ಈಗ 2024ರ ವ್ಯಾಪಾರವನ್ನು ಹಂಚಿ ನೋಡೋಣ. ಏರೋನಾಟಿಕ್ಸ್ 2,862 ಕೋಟಿ ಡಾಲರ್, ಒಟ್ಟಿನ ಶೇ 40. ಹೆಲಿಕಾಪ್ಟರ್-ರಡಾರಿನ ಅಟ್ಟ 1,726 ಕೋಟಿ. ಕ್ಷಿಪಣಿ 1,268 ಕೋಟಿ, ಸ್ಪೇಸ್ 1,248 ಕೋಟಿ. ಇಷ್ಟನ್ನೇ ನೋಡಿ ನಿಲ್ಲಿಸುವವರು ಬಹಳ. ವಿಮಾನವೇ ದೊಡ್ಡದು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಪಕ್ಕದ ಅಂಕಣವನ್ನೂ ಓದಿ. ಪ್ರತಿ ವಿಭಾಗದ ಕಾರ್ಯಾಚರಣೆಯ ಲಾಭ, ಅಂದರೆ ಬಡ್ಡಿ, ತೆರಿಗೆ ಕಳೆಯುವ ಮುಂಚಿನದು, ಅಲ್ಲಿದೆ. ಏರೋನಾಟಿಕ್ಸ್ 252 ಕೋಟಿ, ಅಟ್ಟ 192 ಕೋಟಿ, ಸ್ಪೇಸ್ 123 ಕೋಟಿ. ಕ್ಷಿಪಣಿ ವಿಭಾಗದ್ದು ಬರೀ 41 ಕೋಟಿ. ನೂರು ಡಾಲರ್ ವ್ಯಾಪಾರಕ್ಕೆ ಎಷ್ಟು ಉಳಿಯಿತು ಎಂದು ತಿರುಗಿಸಿದರೆ ಅಟ್ಟ 11, ಸ್ಪೇಸ್ 10ಕ್ಕೆ ಹತ್ತಿರ, ವಿಮಾನ 9ಕ್ಕೆ ಸ್ವಲ್ಪ ಕಡಿಮೆ, ಕ್ಷಿಪಣಿ 3. ಒಂದೇ ವರ್ಷ ಹಿಂದೆ, 2023ರಲ್ಲಿ, ಇದೇ ಕ್ಷಿಪಣಿ ವಿಭಾಗ ನೂರಕ್ಕೆ 13.7 ಉಳಿಸಿ ನಾಲ್ವರಲ್ಲಿ ಮೊದಲಿತ್ತು. ಆಗ ಅದರ ಲಾಭ 154 ಕೋಟಿ ಡಾಲರ್.

ಮುಂದಿನ ಬೆಂಚಿನ ಹುಡುಗ ಒಂದೇ ವರ್ಷದಲ್ಲಿ ಕೊನೆಯ ಬೆಂಚಿಗೆ ಹೋದ. ಅದೂ ಕ್ಷಿಪಣಿಗೆ ಇನ್ನಿಲ್ಲದ ಬೇಡಿಕೆ ಇರುವಾಗ. ಆ ವರ್ಷದ ಜೂನಿನಲ್ಲಷ್ಟೇ 870 ಪ್ಯಾಕ್-3 ಕ್ಷಿಪಣಿಗಳಿಗೆ ಅಮೆರಿಕ ಸೇನೆ 450 ಕೋಟಿ ಡಾಲರಿನ ಬಹುವರ್ಷದ ಗುತ್ತಿಗೆ ಕೊಟ್ಟಿತ್ತು.

ಆದದ್ದು ಇಷ್ಟು. ವಿಭಾಗದ ಕೈಯಲ್ಲಿ ಒಂದು ಗೋಪ್ಯ ಯೋಜನೆ ಇದೆ. ಅದು ಏನು ಎಂದು ವರದಿ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಆದರೆ ದುಡ್ಡಿಗೆ ಗೋಪ್ಯವಿಲ್ಲವಲ್ಲ. ಸ್ಪರ್ಧೆಯಲ್ಲಿ ಗೆದ್ದ ಗುತ್ತಿಗೆ ಅದು. ಆರಂಭದ ಹಂತದ ಜೊತೆಗೆ, ಮುಂದೆ ಸರ್ಕಾರಕ್ಕೆ ಬೇಕೆನಿಸಿದಾಗ ಇಷ್ಟು ಬೆಲೆಗೆ ತಯಾರಿಸಿ ಕೊಡುತ್ತೇವೆ ಎಂದು ಮುಂದಿನ ಹಂತಗಳ ದರಕ್ಕೂ ಕಂಪನಿ ಮೊದಲೇ ಒಪ್ಪಿತ್ತು. ಅಪ್ಪಟ ಎಲೆ ಲೆಕ್ಕ. ಈ ಮದುವೆ ಮಾತ್ರವಲ್ಲ, ನಿಮ್ಮ ಮನೆಯ ಮುಂದಿನ ನಾಲ್ಕು ಮದುವೆಗೂ ಇದೇ ದರ ಎಂದು ಬರೆದುಕೊಟ್ಟ ಹಾಗೆ. 2024ರ ಕೊನೆಯ ಹೊತ್ತಿಗೆ, ಆ ದರಕ್ಕೆ ಗಿಟ್ಟುವುದಿಲ್ಲ ಎಂಬುದು ಖಚಿತವಾಯಿತು.

ಲೆಕ್ಕಪತ್ರದ ಒಂದು ಕಠಿಣ ನಿಯಮ ಕೆಲಸ ಮಾಡುವುದು ಇಲ್ಲಿ. ದೀರ್ಘಾವಧಿಯ ಗುತ್ತಿಗೆಯಲ್ಲಿ ಲಾಭವನ್ನು ಕೆಲಸ ಸಾಗಿದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ತೋರಿಸಬೇಕು. ನಷ್ಟಕ್ಕೆ ಆ ಸವಲತ್ತಿಲ್ಲ. ಈ ಗುತ್ತಿಗೆ ಕೊನೆಗೆ ಮುಳುಗುತ್ತದೆ ಎಂದು ಗೊತ್ತಾದ ದಿನವೇ ಮುಂದಿನ ವರ್ಷಗಳ ನಷ್ಟವನ್ನೂ ಸೇರಿಸಿ ಅಷ್ಟೂ ಬರೆದುಹಾಕಬೇಕು. ಮದುವೆ ವೈಶಾಖದಲ್ಲಿರಬಹುದು, ಒಲೆ ಇನ್ನೂ ಹಚ್ಚಿಲ್ಲದಿರಬಹುದು. ನಷ್ಟ ಇವತ್ತಿನ ಪುಟದಲ್ಲೇ ಕಾಣಬೇಕು. ಹೀಗೆ 2024ರ ಕೊನೆಯ ಮೂರು ತಿಂಗಳಲ್ಲೇ ಕ್ಷಿಪಣಿ ವಿಭಾಗ ಸುಮಾರು 130 ಕೋಟಿ ಡಾಲರ್ ನಷ್ಟ ಬರೆಯಿತು. ಏರೋನಾಟಿಕ್ಸ್‌ನಲ್ಲೂ ಒಂದು ಗೋಪ್ಯ ಯೋಜನೆ ಇದ್ದು, ಅಲ್ಲಿ 41 ಕೋಟಿ ಹೋಯಿತು.

ಆ 130 ಕೋಟಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಕ್ಷಿಪಣಿ ವಿಭಾಗದ ಲಾಭ 171 ಕೋಟಿಯಾಗುತ್ತದೆ, ನೂರಕ್ಕೆ 13.5. ಅಂದರೆ ಪ್ಯಾಕ್-3, ಹೈಮಾರ್ಸ್‌ನಂಥ ದಿನನಿತ್ಯದ ಅಡುಗೆಮನೆ ಎಂದಿನಂತೆಯೇ ಚೆನ್ನಾಗಿ ನಡೆಯುತ್ತಿದೆ. ಕೆಟ್ಟದ್ದು ಮುಖ್ಯವಾಗಿ ಒಂದು ಪಾತ್ರೆ. ಕಂಪನಿಗಳು ಇಂಥದ್ದನ್ನು ‘ಒಂದು ಬಾರಿಯ ನಷ್ಟ’ ಎಂದು ತೋರಿಸಿ ಸಮಾಧಾನ ಹೇಳುವುದುಂಟು. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಎಲೆ ಲೆಕ್ಕಕ್ಕೆ ಒಪ್ಪಿಕೊಳ್ಳುವುದು ಒಂದು ಅಭ್ಯಾಸ, ಅಭ್ಯಾಸ ಒಂದೇ ಸಲಕ್ಕೆ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ಮತ್ತೆ 160 ಕೋಟಿ ಡಾಲರ್ ನಷ್ಟ ಬಂತು. ಅದರಲ್ಲಿ 95 ಕೋಟಿ ಏರೋನಾಟಿಕ್ಸ್‌ನ ಅದೇ ಗೋಪ್ಯ ಯೋಜನೆಯದು. 57 ಕೋಟಿ ಕೆನಡಾದ ನೌಕಾ ಹೆಲಿಕಾಪ್ಟರ್ ಗುತ್ತಿಗೆಯದು. ಈ ಗುತ್ತಿಗೆಗೆ ಸಿಕೋರ್ಸ್ಕಿ ಸಹಿ ಹಾಕಿದ್ದು 2004ರಲ್ಲಿ, ಲಾಕ್‌ಹೀಡ್ ಅದನ್ನು ಕೊಳ್ಳುವುದಕ್ಕೆ ಹನ್ನೊಂದು ವರ್ಷ ಮೊದಲು. ಮನೆ ಕೊಂಡವರಿಗೆ ಹಳೆಯ ಮಾಲೀಕರ ಕೈಸಾಲವೂ ಬಂದಂತಾಯಿತು. 2024ರಲ್ಲಿ ನಾಲ್ವರಲ್ಲಿ ಹೆಚ್ಚು ಉಳಿಸಿ ಮೆರೆದಿದ್ದ ಅಟ್ಟದಲ್ಲೇ ಈ ಗಂಟು ಇತ್ತು.

ಹಾಗಾದರೆ ಬುದ್ಧಿವಂತ ಕಂಪನಿಗಳು ಎಲೆ ಲೆಕ್ಕಕ್ಕೆ ಯಾಕೆ ಒಪ್ಪುತ್ತವೆ? ಗಿರಾಕಿ ಒಬ್ಬನೇ ಆದಾಗ ಬೇರೆ ದಾರಿ ಕಡಿಮೆ. ಲಾಕ್‌ಹೀಡ್ ವ್ಯಾಪಾರದಲ್ಲಿ ಶೇ 73 ಪಾಲು 2024ರಲ್ಲಿ ಅಮೆರಿಕ ಸರ್ಕಾರದ್ದು. ಹೊಸ ಯುದ್ಧವಿಮಾನದ ಸ್ಪರ್ಧೆ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಸೋತರೆ ಒಂದು ತಲೆಮಾರು ಹೊರಗೆ. ಗೆದ್ದರೆ ಮೂವತ್ತು ನಲವತ್ತು ವರ್ಷ ಬಿಡಿಭಾಗ, ದುರಸ್ತಿ, ಸುಧಾರಣೆಯ ಹೊಳೆ. ಹಾಗಾಗಿ ಮೊದಲ ಹಂತದಲ್ಲಿ ಕೈ ಸುಟ್ಟುಕೊಂಡರೂ ಆಮೇಲೆ ಸಿಗುತ್ತದೆ ಎಂಬ ಲೆಕ್ಕಾಚಾರ. ಕೆಲವೊಮ್ಮೆ ಸಿಗುತ್ತದೆ ಕೂಡ.

ಅದಕ್ಕೆ ಎಫ್-35 ಸಾಕ್ಷಿ. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಸುಮಾರು ಒಂದು ಮೈಲಿ ಉದ್ದದ ಕಾರ್ಖಾನೆಯಲ್ಲಿ ಈ ವಿಮಾನದ ಜೋಡಣೆ ನಡೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಮಾಡಲು ಕಟ್ಟಿದ ಕಟ್ಟಡ, ಈಗಲೂ ಅಮೆರಿಕ ವಾಯುಪಡೆಯ ಆಸ್ತಿ. ಗೋಡೆ ಗಿರಾಕಿಯದು, ಕೆಲಸ ಕಂಪನಿಯದು. ಏರೋನಾಟಿಕ್ಸ್ ವ್ಯಾಪಾರದ ಮೂರರಲ್ಲಿ ಎರಡು ಪಾಲಿನಷ್ಟು, ಇಡೀ ಕಂಪನಿಯ ಶೇ 26, 2024ರಲ್ಲಿ ಬಂದದ್ದು ಈ ಒಂದೇ ವಿಮಾನದಿಂದ. ಅದೂ ಎಂಜಿನ್ ಬಿಟ್ಟು. ಎಂಜಿನನ್ನು ಪ್ರಾಟ್ ಅಂಡ್ ವಿಟ್ನಿಯಿಂದ ಸರ್ಕಾರ ಬೇರೆಯೇ ಗುತ್ತಿಗೆಯಲ್ಲಿ ಕೊಳ್ಳುತ್ತದೆ. ಆದ್ದರಿಂದ ‘ಏರೋನಾಟಿಕ್ಸ್ ವಿಭಾಗ ಹೇಗಿದೆ’ ಎಂಬ ಪ್ರಶ್ನೆ ಬಹುಪಾಲು ‘ಎಫ್-35 ಹೇಗಿದೆ’ ಎಂಬ ಪ್ರಶ್ನೆಯೇ.

ಎಫ್-35 ಇನ್ನೊಂದು ಪಾಠ ಹೇಳುತ್ತದೆ. ಲಾಭ-ನಷ್ಟದ ಪಟ್ಟಿಯನ್ನು ಮಾತ್ರ ನೋಡುವವರಿಗೆ ಅದು ತಪ್ಪಿಹೋಗುತ್ತದೆ. ಹೊಸ ತಂತ್ರಾಂಶ, ಹೊಸ ಕಂಪ್ಯೂಟರ್ ಸಿದ್ಧವಾಗದ ಕಾರಣ 2023ರ ಜುಲೈನಿಂದ 2024ರ ಜುಲೈವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಹೊಸ ಮಾದರಿಯ ಎಫ್-35ಗಳನ್ನು ಅಮೆರಿಕ ಸರ್ಕಾರ ಸ್ವೀಕರಿಸಲೇ ಇಲ್ಲ. ಕಾರ್ಖಾನೆ ನಿಲ್ಲಲಿಲ್ಲ. ವಿಮಾನಗಳು ತಯಾರಾಗಿ ಹೊರಬಂದು ಸಾಲಾಗಿ ನಿಂತವು. ಅಂಗಡಿ ವ್ಯಾಪಾರದ ಬುದ್ಧಿಯಿಂದ ನೋಡಿದರೆ ಆ ವರ್ಷ ಮಾರಾಟ ಕುಸಿಯಬೇಕಿತ್ತು. ಆದರೆ 2024ರಲ್ಲಿ ಏರೋನಾಟಿಕ್ಸ್ ವ್ಯಾಪಾರ ಶೇ 4ರಷ್ಟು ಏರಿದೆ! ಯಾಕೆಂದರೆ ಇಲ್ಲಿ ಮಾರಾಟ ಎಂದರೆ ಬೀಗದ ಕೈ ಒಪ್ಪಿಸಿದ ದಿನವಲ್ಲ. ಮೇಸ್ತ್ರಿ ಮನೆ ಕಟ್ಟುವಾಗ ತಳಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ತಾರಸಿಗೆ ಇಷ್ಟು ಎಂದು ಕೆಲಸ ಮುಗಿದಷ್ಟೂ ಲೆಕ್ಕ ಕಟ್ಟುವ ಹಾಗೆ, ಒಟ್ಟು ಅಂದಾಜು ಖರ್ಚಿನಲ್ಲಿ ಎಷ್ಟು ಪಾಲು ಖರ್ಚಾಗಿದೆಯೋ ಅಷ್ಟು ಪಾಲು ಆದಾಯ ಎಂದು ಬರೆಯುತ್ತಾರೆ. ಖರ್ಚು ಮಾಡುತ್ತಾ ಹೋದರೆ ಮಾರಾಟವೂ ಏರುತ್ತಾ ಹೋಗುತ್ತದೆ. ಸಿಕ್ಕಿಹಾಕಿಕೊಂಡದ್ದು ಕೈಗೆ ಬರಬೇಕಾದ ನಗದು. ಹಸ್ತಾಂತರಕ್ಕೆ ಗಂಟುಹಾಕಿದ್ದ ಪಾವತಿ ತಡವಾಯಿತು. ಅಂಥ ವರ್ಷಗಳಲ್ಲಿ ನಗದು ಹರಿವಿನ ಪುಟವನ್ನು ಪಕ್ಕದಲ್ಲಿಟ್ಟುಕೊಳ್ಳದೆ ವಿಭಾಗದ ಪುಟ ಓದಬಾರದು.

ಇದರಲ್ಲಿ ಒಂದು ಅಪಾಯವೂ ಅಡಗಿದೆ. ‘ಒಟ್ಟು ಅಂದಾಜು ಖರ್ಚು’ ಎಂಬುದು ಕಂಪನಿಯವರೇ ಕೂತು ಹಾಕಿದ ಅಂದಾಜು. ಇನ್ನೂ ಇಷ್ಟು ಖರ್ಚಾಗುತ್ತದೆ ಅಂದುಕೊಂಡಿದ್ದೆವು, ಅಷ್ಟಾಗಲಿಕ್ಕಿಲ್ಲ ಎಂದು ಈ ತ್ರೈಮಾಸಿಕದಲ್ಲಿ ಪರಿಷ್ಕರಿಸಿದರೆ, ಒಂದು ಬೋಲ್ಟ್ ಕೂಡ ಹೆಚ್ಚಿಗೆ ಬಿಗಿಯದೆ ಲಾಭ ಹೆಚ್ಚುತ್ತದೆ. ವರದಿಯಲ್ಲಿ ಪ್ರತಿ ವಿಭಾಗದ ಕೆಳಗೆ ಇಂಥ ಪರಿಷ್ಕರಣೆಯಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂದು ಬರೆದಿರುತ್ತಾರೆ. ಬಹಳ ಜನ ಹಾರಿಸಿಬಿಡುವ ಸಾಲು ಅದು. ನಾನು ಮೊದಲು ಹುಡುಕುವುದು ಅದನ್ನೇ.

ಸ್ಪೇಸ್ ವಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಎಚ್ಚರಿಕೆ: ಬೋಯಿಂಗ್ ಜೊತೆ ಅರ್ಧರ್ಧ ಪಾಲಿನಲ್ಲಿ ನಡೆಸುವ ರಾಕೆಟ್ ಕಂಪನಿ ಯುನೈಟೆಡ್ ಲಾಂಚ್ ಅಲಯನ್ಸ್‌ನ ಲಾಭದ ಪಾಲು ಈ ವಿಭಾಗದ ಲಾಭಕ್ಕೆ ಸೇರುತ್ತದೆ, ಅದರ ವ್ಯಾಪಾರ ಮಾತ್ರ ಸೇರುವುದಿಲ್ಲ. ಹಾಗಾಗಿ ನೂರಕ್ಕೆ ಎಷ್ಟು ಉಳಿಯಿತು ಎಂಬ ಅಂಕಿ ಇಲ್ಲಿ ಇದ್ದದ್ದಕ್ಕಿಂತ ತುಸು ದಪ್ಪಗೆ ಕಾಣುತ್ತದೆ.

ಇನ್ನು ನಾಲ್ಕೂ ವಿಭಾಗದ ಲಾಭ ಕೂಡಿಸಿದರೆ ಬರುವುದು 608 ಕೋಟಿ ಡಾಲರ್. ಕಂಪನಿಯ ಒಟ್ಟು ಕಾರ್ಯಾಚರಣೆಯ ಲಾಭ ಎಂದು ಮುಂದಿನ ಪುಟದಲ್ಲಿರುವುದು 701 ಕೋಟಿ. ಮಧ್ಯದ 93 ಕೋಟಿ ಎಲ್ಲಿಂದ ಬಂತು? ಯಾವ ಕೋಣೆಗೂ ಸೇರದ, ಹಜಾರದಲ್ಲಿ ಇಟ್ಟ ಸಾಮಾನು ಅದು. ಅದರಲ್ಲಿ ದೊಡ್ಡ ಬಾಬ್ತು ಪಿಂಚಣಿ. ನೌಕರರ ಪಿಂಚಣಿ ವೆಚ್ಚವನ್ನು ಸರ್ಕಾರಿ ಗುತ್ತಿಗೆಯ ನಿಯಮದಂತೆ ಒಂದು ರೀತಿ ಲೆಕ್ಕಹಾಕಿ ಸರ್ಕಾರದಿಂದ ವಸೂಲಿ ಮಾಡುತ್ತಾರೆ, ಷೇರುದಾರರಿಗೆ ತೋರಿಸುವ ನಿಯಮದಂತೆ ಅದೇ ವೆಚ್ಚ ಬೇರೆ ಆಗುತ್ತದೆ. ಎರಡರ ನಡುವಿನ ವ್ಯತ್ಯಾಸ ಲಾಭದ ಕಡೆ ಬಂದು ಕೂರುತ್ತದೆ. ಅದರಿಂದ ಮುಖ್ಯ ಕಚೇರಿಯ ಖರ್ಚು ಇತ್ಯಾದಿ ಕಳೆದು ಉಳಿದದ್ದು 93 ಕೋಟಿ. ಕಾನೂನಿನ ಪ್ರಕಾರ ಸರಿಯೇ. ಆದರೆ ಇದು ವಿಮಾನ ಮಾರಿ ಬಂದ ಲಾಭವಲ್ಲ, ಆದ್ದರಿಂದ ಕಂಪನಿಯ ಕಸುಬನ್ನು ಅಳೆಯುವಾಗ ನಾನು 608ನ್ನೇ ಹಿಡಿಯುತ್ತೇನೆ.

ಕೈಯಲ್ಲಿರುವ ಆರ್ಡರುಗಳ ಮೊತ್ತವೂ ಇದೆ. 2024ರ ಕೊನೆಗೆ ಸುಮಾರು 17,600 ಕೋಟಿ ಡಾಲರ್, ಎರಡೂವರೆ ವರ್ಷದ ವ್ಯಾಪಾರಕ್ಕೆ ಸಮ. ಪತ್ರಿಕೆಗಳು ಇದನ್ನು ತಲೆಬರಹಕ್ಕೆ ಹಾಕುತ್ತವೆ. ಎಷ್ಟು ಮದುವೆ ಒಪ್ಪಿಕೊಂಡಿದ್ದಾರೆ ಎಂಬುದು ಸರಿ, ಯಾವ ದರಕ್ಕೆ ಒಪ್ಪಿಕೊಂಡಿದ್ದಾರೆ ಎಂಬುದು ಆ ಮೊತ್ತದಲ್ಲಿ ಕಾಣುವುದಿಲ್ಲ. ಕ್ಷಿಪಣಿ ವಿಭಾಗ ಎಡವಿದ್ದು ಆರ್ಡರ್ ಇಲ್ಲದೆ ಅಲ್ಲ.

ಇಷ್ಟೆಲ್ಲ ಆದ ಮೇಲೆ ಸಹಜವಾಗಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಡೆ, ನಮ್ಮ ಸರ್ಕಾರಿ ವಿಮಾನ ಕಾರ್ಖಾನೆಯ ಕಡೆ ತಿರುಗಬೇಕೆನಿಸುತ್ತದೆ. ಎಚ್‌ಎಎಲ್‌ನ 2024-25ರ ಆದಾಯ ಸುಮಾರು 31,000 ಕೋಟಿ ರೂಪಾಯಿ, ನಿವ್ವಳ ಲಾಭ 8,300 ಕೋಟಿ ದಾಟಿದೆ. ನೂರು ರೂಪಾಯಿಗೆ 27 ರೂಪಾಯಿಯಷ್ಟು. ಲಾಕ್‌ಹೀಡ್‌ಗೆ ಇದೇ ಲೆಕ್ಕದಲ್ಲಿ ಉಳಿದದ್ದು ನೂರಕ್ಕೆ ಏಳೂವರೆ. ನಮ್ಮವರು ಮೂರೂವರೆ ಪಟ್ಟು ಹೆಚ್ಚು ಉಳಿಸುವುದು ಎಲ್ಲಿ? ತೇಜಸ್‌ನಲ್ಲೋ, ಹೆಲಿಕಾಪ್ಟರಿನಲ್ಲೋ, ನಾಸಿಕ್‌ಗೆ ಬರುವ ಸುಖೋಯ್‌ಗಳ ದುರಸ್ತಿಯಲ್ಲೋ, ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯಲ್ಲೋ?

ವಾರ್ಷಿಕ ವರದಿ ತೆರೆದು ವಿಭಾಗವಾರು ಲೆಕ್ಕದ ಟಿಪ್ಪಣಿಗೆ ಹೋದರೆ ಅಲ್ಲಿ ಕೋಷ್ಟಕವಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2018ರ ಫೆಬ್ರುವರಿ 23ರಂದು ಹೊರಡಿಸಿದ ಅಧಿಸೂಚನೆ ರಕ್ಷಣಾ ಉತ್ಪಾದನೆಯ ಕಂಪನಿಗಳಿಗೆ ಈ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಜಾಲಹಳ್ಳಿಯ ಬಿಇಎಲ್‌ಗೂ ಅಷ್ಟೇ. ಭದ್ರತೆಯ ಕಾರಣ ಅರ್ಥವಾಗುವಂಥದ್ದೇ. ಆದರೆ ಲಾಕ್‌ಹೀಡ್ ತನ್ನ ಗೋಪ್ಯ ಯೋಜನೆಯ ಹೆಸರನ್ನು ಬಚ್ಚಿಟ್ಟುಕೊಂಡೇ ಅದರ ನಷ್ಟವನ್ನು ಡಾಲರ್ ಸಮೇತ ಹೇಳಿತಲ್ಲ, ಇಬ್ಬರ ಷೇರೂ ಸಾಮಾನ್ಯ ಜನ ಕೊಳ್ಳುವಂಥದ್ದೇ ಅಲ್ಲವೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇದೆ.

ಹಾಗಾಗಿ ಇಲ್ಲಿ ಬೇರೆ ಸಂದಿಯಿಂದ ಇಣುಕಬೇಕು. ಆದಾಯದ ಟಿಪ್ಪಣಿಯಲ್ಲಿ ಉತ್ಪನ್ನಗಳ ಮಾರಾಟ ಎಷ್ಟು, ಸೇವೆಗಳ ಮಾರಾಟ ಎಷ್ಟು ಎಂದು ಒಡೆದಿರುತ್ತಾರೆ. ಇತರೆ ಆದಾಯದ ಟಿಪ್ಪಣಿಯಲ್ಲಿ ಬಡ್ಡಿ ಸಿಗುತ್ತದೆ. ವಿಶ್ಲೇಷಕರ ಜೊತೆಗಿನ ಮಾತುಕತೆಯಲ್ಲಿ ಆಡಳಿತದವರು ತಾವೇ ಹೇಳುವಂತೆ ಆದಾಯದ ಅರ್ಧಕ್ಕಿಂತ ಹೆಚ್ಚು ಬರುವುದು ಹೊಸ ವಿಮಾನದಿಂದಲ್ಲ, ಹಳೆಯದರ ದುರಸ್ತಿ, ಕೂಲಂಕಷ ನವೀಕರಣ, ಬಿಡಿಭಾಗಗಳಿಂದ. ಇಷ್ಟನ್ನು ಜೋಡಿಸಿದರೆ ಚಿತ್ರದ ಅಂಚು ಕಾಣುತ್ತದೆ. ನಡುಭಾಗ ಕಾಣುವುದಿಲ್ಲ. 2021ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿಯಾಯಿತು. ಅದಕ್ಕೆ ಬೇಕಾದ ಜಿಇ ಎಂಜಿನುಗಳಲ್ಲಿ ಮೊದಲನೆಯದು ಅಮೆರಿಕದಿಂದ ಬಂದದ್ದು 2025ರ ಮಾರ್ಚಿನಲ್ಲಿ. ಈ ನಾಲ್ಕು ವರ್ಷದಲ್ಲಿ ಒಂದು ಎಲೆಯ ಖರ್ಚು ಎಷ್ಟಕ್ಕೆ ಏರಿದೆ ಎಂದು ತಿಳಿಯಬೇಕಾದರೆ ತೇಜಸ್‌ಗೆ ಅಂತ ಒಂದು ಅಂಕಣ ಬೇಕು, ಆ ವರದಿಯಲ್ಲಿ ಅಂಥ ಅಂಕಣ ಇಲ್ಲ.